ಮೈನಸ್ 196 ಡಿಗ್ರಿಯಲ್ಲಿ ಕಾಯುವ ಕೋಶಗಳು



ಕಳೆದ ತಿಂಗಳು ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. "ಮೇಡಂ, ನಮ್ಮ ಮಾಮುಗೆ ಬ್ಲಡ್ ಕ್ಯಾನ್ಸರ್. ಎಎಂಎಲ್ ಅಂತೆ. ಪರೀಕ್ಷೆಗೆ ಮೂಳೆಯೊಳಗಿಂದ ತೆಗೆದದ್ದರಲ್ಲಿ ಉಳಿದದ್ದನ್ನು ಸಂಶೋಧನೆಗೆ ಫ್ರೀಜ್ ಮಾಡಿಡ್ತೀವಿ ಅಂತ ಸಹಿ ಹಾಕಿಸಿಕೊಂಡರು. ಅದನ್ನಿಟ್ಟುಕೊಂಡು ಏನು ಮಾಡ್ತಾರೆ ಅಂತ ನಾನಿ ನನ್ನನ್ನೇ ಕೇಳ್ತಾರೆ. ನಾನು ಸೈನ್ಸ್ ಓದುವವಳಲ್ವಾ!" ಆ ದಿನ ಬೆಲ್ ಹೊಡೆದಿದ್ದರಿಂದ ಅರ್ಧ ಉತ್ತರ ಹೇಳಿ ಕಳಿಸಿದೆ. ಉಳಿದರ್ಧವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಎಎಂಎಲ್ ಎಂದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ. ಅಸ್ಥಿಮಜ್ಜೆಯಲ್ಲಿ ರಕ್ತಕಣಗಳಾಗಿ ಬಲಿಯಬೇಕಾದ ಎಳೆಯ ಕೋಶಗಳು ಬಲಿಯದೆ ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತಾ ಹೋಗುವ ರೋಗ. ಈ ಕೋಶಗಳೆಲ್ಲ ಒಂದೇ ಅಚ್ಚಿನವಲ್ಲ. ಒಬ್ಬನೇ ರೋಗಿಯ ಮಜ್ಜೆಯಲ್ಲಿ ಬೇರೆ ಬೇರೆ ಮ್ಯುಟೇಶನ್ ಹೊತ್ತ ಹಲವು ಬಳಗಗಳಿರಬಹುದು. ಕಿಮೊಥೆರಪಿಗೆ ದೊಡ್ಡ ಬಳಗ ಸೋತರೂ ಮೂಲೆಯಲ್ಲಿದ್ದ ಪುಟ್ಟ ಬಳಗ ಉಳಿದುಕೊಂಡರೆ ರೋಗ ಮರಳುತ್ತದೆ. ಎಲ್ಲ ಕೋಶಗಳ ಡಿಎನ್‌ಎಯನ್ನು ಒಟ್ಟಿಗೆ ಓದಿದರೆ ಸಿಗುವುದು ಸರಾಸರಿ ಮಾತ್ರ. ತರಗತಿಯ ಸರಾಸರಿ ಅಂಕ 60 ಎಂದರೆ ಫೇಲಾದವರು ಯಾರೆಂದು ತಿಳಿಯುವುದೇ?

ಅದಕ್ಕೇ ಒಂದೊಂದೇ ಕೋಶವನ್ನು ಓದುವುದು. ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ವಿಜ್ಞಾನಿಗಳು 123 ಎಎಂಎಲ್ ರೋಗಿಗಳ ಮಾದರಿಗಳನ್ನು ಹೀಗೆ ಓದಿ 2020ರಲ್ಲಿ ಪ್ರಕಟಿಸಿದರು. ಡಿಎನ್‌ಎಂಟಿ3ಎ ಯಂಥ ಜೀನ್‌ಗಳ ಮ್ಯುಟೇಶನ್ ಸಾಮಾನ್ಯವಾಗಿ ಮೊದಲು ಬರುತ್ತದೆ. ಎಫ್‌ಎಲ್‌ಟಿ3, ಎನ್‌ರಾಸ್ ಜೀನ್‌ಗಳವು ತಡವಾಗಿ, ಅದೂ ಬಹಳ ಸಲ ಬೇರೆ ಬೇರೆ ಕೋಶಗಳಲ್ಲಿ ಬರುತ್ತವೆ. ಈ ಸರದಿ ಸರಾಸರಿಯಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ.

ಹಾಗಾದರೆ ತಾಜಾ ಮಾದರಿಯನ್ನೇ ಓದಬಾರದೇ? ರೋಗ ಪತ್ತೆಯಾದ ದಿನದ ಮಜ್ಜೆಯನ್ನೂ ವರ್ಷದ ನಂತರ ರೋಗ ಮರಳಿದಾಗಿನ ಮಜ್ಜೆಯನ್ನೂ ಒಂದೇ ದಿನ, ಒಂದೇ ಯಂತ್ರದಲ್ಲಿ ಹೋಲಿಸಬೇಕು. ಮೊದಲನೆಯದು ಅಲ್ಲಿಯವರೆಗೆ ಜೀವಂತ ಉಳಿಯಬೇಕು. ಅದರಲ್ಲೇ ಇದೆ ಕಷ್ಟವೆಲ್ಲ.

ಬಕ್ರೀದ್ ಮಾಂಸವನ್ನು ಫ್ರೀಜರಿನಿಂದ ತೆಗೆದಿಟ್ಟಾಗ ತಟ್ಟೆಯಲ್ಲಿ ಕೆಂಪು ನೀರು ನಿಲ್ಲುವುದನ್ನು ನೋಡಿದ್ದೀರಲ್ಲ? ಹಿಮದ ಹರಳುಗಳು ಹರಿದುಹಾಕಿದ ಕೋಶಗಳಿಂದ ಸೋರಿದ ರಸ ಅದು. ಕೋಶವನ್ನು ತೀರಾ ಬೇಗ ತಣ್ಣಗಾಗಿಸಿದರೆ ಒಳಗಿನ ನೀರು ಹೊರಬರಲು ಸಮಯ ಸಾಲದೆ ಒಳಗೇ ಹರಳುಗಟ್ಟುತ್ತದೆ. ತೀರಾ ನಿಧಾನವಾದರೆ ಹೊರಗಿನ ನೀರು ಮೊದಲು ಹಿಮವಾಗಿ, ಉಳಿದ ದ್ರವ ಉಪ್ಪುಪ್ಪಾಗಿ, ಉಪ್ಪಿನಕಾಯಿಯ ಮಾವಿನ ಹೋಳಿನಂತೆ ಕೋಶ ಸುಕ್ಕುಗಟ್ಟುತ್ತದೆ. ನಮ್ಮ ಲ್ಯಾಬಿನ ಆಲೂಗಡ್ಡೆ ಆಸ್ಮೋಮೀಟರನ್ನು ನೆನಪಿಸಿಕೊಳ್ಳಿ. ಎರಡೂ ಕಡೆ ಸಾವೇ. ಪೀಟರ್ ಮೇಜರ್ ಮತ್ತು ಸಂಗಡಿಗರು ಈ ಇಬ್ಬಂದಿಯನ್ನು 1972ರಲ್ಲಿ ವಿವರಿಸಿದರು.

ನಡುವಿನ ದಾರಿ ಹೀಗಿದೆ. ಮೊದಲು ಮಜ್ಜೆಯನ್ನು ತಕ್ಕ ಸಾಂದ್ರತೆಯ ದ್ರವದ ಮೇಲೆ ನಿಲ್ಲಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಕೆಂಪುರಕ್ತಕಣಗಳು ತಳಕ್ಕಿಳಿದು, ಬೇಕಾದ ಕೋಶಗಳು ನಡುವೆ ತೆಳು ಬಿಳಿ ಪಟ್ಟಿಯಾಗಿ ನಿಲ್ಲುತ್ತವೆ. ಅವಕ್ಕೆ ಸುಮಾರು ಶೇ. 10ರಷ್ಟು ಡಿಎಂಎಸ್‌ಒ ಇರುವ ದ್ರಾವಣ ಬೆರೆಸುತ್ತಾರೆ. ಕೋಶದೊಳಗೂ ನುಗ್ಗಿ ಹಿಮಗಟ್ಟುವುದನ್ನು ತಗ್ಗಿಸುವ ಇದರ ಗುಣವನ್ನು ಲವ್‌ಲಾಕ್ ಮತ್ತು ಬಿಷಪ್ 1959ರಲ್ಲಿ ತೋರಿಸಿದ್ದರು. ಕೋಣೆಯ ಶಾಖದಲ್ಲಿ ಇದೇ ಡಿಎಂಎಸ್‌ಒ ಕೋಶಕ್ಕೆ ವಿಷ, ಕೈ ಚುರುಕಾಗಿರಬೇಕು. ಆಮೇಲೆ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ಮೈನಸ್ 80ಕ್ಕೆ ಇಳಿಸುತ್ತಾರೆ. ಇದಕ್ಕೆ ಭಾರೀ ಯಂತ್ರವೇ ಬೇಕೆಂದಿಲ್ಲ, ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ ಪ್ಲಾಸ್ಟಿಕ್ ಡಬ್ಬಿ ಸಾಕು. ಇಷ್ಟು ಸರಳ ಉಪಾಯ ನನಗೆ ಬಹಳ ಇಷ್ಟ. ಆದರೆ ಮೈನಸ್ 80ರಲ್ಲೂ ಹರಳುಗಳು ನಿಧಾನವಾಗಿ ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ವರ್ಷಗಟ್ಟಲೆ ಇಡಲು ದ್ರವ ಸಾರಜನಕದ ಟ್ಯಾಂಕ್ ಬೇಕು. ದ್ರವ ಸಾರಜನಕ ಕುದಿಯುವುದೇ ಮೈನಸ್ 196 ಡಿಗ್ರಿಯಲ್ಲಿ.

ಕರಗಿಸುವುದು ಇದಕ್ಕೆ ತದ್ವಿರುದ್ಧ. 37 ಡಿಗ್ರಿ ನೀರಿನಲ್ಲಿ ಬೇಗ ಕರಗಿಸಿ, ನಂತರ ಹೊಸ ದ್ರವವನ್ನು ಹನಿಹನಿಯಾಗಿ ಸೇರಿಸಬೇಕು. ಒಮ್ಮೆಲೇ ಸುರಿದರೆ ನೀರು ಒಳನುಗ್ಗಿ ಕೋಶ ಒಡೆಯುತ್ತದೆ. ಟ್ರೈಪಾನ್ ಬ್ಲೂ ಹಾಕಿದರೆ ಸತ್ತ ಕೋಶಗಳು ನೀಲಿಯಾಗುತ್ತವೆ, ಅವುಗಳನ್ನು ಎಣಿಸುತ್ತಾರೆ. ಈ ಎಣಿಕೆ ಏಕೆ ಮುಖ್ಯ ಗೊತ್ತೇ? ಮುಂದಿನ ಯಂತ್ರ ಒಂದೊಂದು ಕೋಶವನ್ನು ಎಣ್ಣೆಯ ನಡುವಿನ ಒಂದೊಂದು ಹನಿಯಲ್ಲಿ ಕೂರಿಸಿ ಅದಕ್ಕೊಂದು ಗುರುತು ಅಂಟಿಸುತ್ತದೆ. ಒಡೆದ ಕೋಶಗಳ ಆರ್‌ಎನ್‌ಎ ತೇಲಾಡುತ್ತಿದ್ದರೆ ಅದು ಕಂಡಕಂಡ ಹನಿಗೆ ಸೇರಿಬಿಡುತ್ತದೆ, ಬೇರೊಬ್ಬರ ಉತ್ತರದ ಹಾಳೆ ನಿಮ್ಮ ಪತ್ರಿಕೆಯಲ್ಲಿ ಸೇರಿದ ಹಾಗೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ನ್ಯೂಟ್ರೊಫಿಲ್‌ಗಳು ಈ ಪಯಣದಲ್ಲಿ ಸರಿಯಾಗಿ ಬದುಕುವುದಿಲ್ಲ. ಹಾಗಾಗಿ ಕರಗಿಸಿದ ಮಾದರಿಯಲ್ಲಿ ಒಂದು ಬಗೆಯ ಕೋಶ ಕಾಣದಿದ್ದರೆ ಅದು ರೋಗಿಯಲ್ಲೇ ಇರಲಿಲ್ಲ ಎನ್ನಲಾಗದು.

ಇದನ್ನೆಲ್ಲ ಹೇಳಿದಾಗ ಹುಡುಗಿ ಸುಮ್ಮನೆ ಕೇಳಿದಳು. ಕೊನೆಗೆ, "ಇದರಿಂದ ಮಾಮುಗೆ ಉಪಯೋಗ ಆಗುತ್ತಾ ಮೇಡಂ?" ಎಂದಳು. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಬಹುಶಃ ಅವರಿಗಲ್ಲಮ್ಮ, ಮುಂದೆ ಬರುವವರಿಗೆ. ಅವರ ಚಿಕಿತ್ಸೆ ಇದರ ಮೇಲೆ ನಿಂತಿಲ್ಲ" ಎಂದೆ. ಸಹಿ ಹಾಕಿದ ಮಾತ್ರಕ್ಕೆ ಕಟ್ಟಿಬಿದ್ದಂತಲ್ಲ ಎಂದೂ ಹೇಳಿದೆ. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಂತೆ ಒಪ್ಪಿಗೆ ಸ್ವಇಚ್ಛೆಯದಾಗಿರಬೇಕು, ಅದನ್ನು ಹಿಂತೆಗೆದುಕೊಳ್ಳಲೂ ಅವಕಾಶವಿದೆ. ಹಿಂತೆಗೆದರೂ ಚಿಕಿತ್ಸೆಗೆ ತೊಂದರೆಯಾಗಬಾರದು.

ಮರುವಾರ ಅವಳು ಮತ್ತೆ ಬಂದಳು. ನಾನಿಗೆ ಎಲ್ಲ ವಿವರಿಸಿದಳಂತೆ. ಮಾಮು ಮಲಗಿದಲ್ಲಿಂದಲೇ "ಇರಲಿ ಬಿಡು ಅಮ್ಮಿ" ಎಂದರಂತೆ. ನಾನಿಯ ಹೊಸ ಪ್ರಶ್ನೆ, ಕರೆಂಟ್ ಹೋದರೆ ಆ ಕೋಶಗಳ ಗತಿಯೇನು? ಉತ್ತರ ಹೇಳಿ ಕಳಿಸಿದ್ದೇನೆ: ಸಾರಜನಕದ ಟ್ಯಾಂಕ್ ತಣ್ಣಗಿರಲು ಕರೆಂಟ್ ಬೇಡ. ದ್ರವ ದಿನದಿನವೂ ಆರುವುದರಿಂದ ಮೇಲಿಂದ ಮೇಲೆ ತುಂಬಿಸಬೇಕು, ಅದಕ್ಕೆ ರಜೆಯ ದಿನವೂ ಯಾರಾದರೂ ಲ್ಯಾಬಿಗೆ ಹೋಗಲೇಬೇಕು.