ಗಾಯ ಕಂಡಾಗ ಗದರಿಕೆ ಬೇಡ

ಪ್ರಶ್ನೆ: ಸ್ವಯಂಹಾನಿ ಮಾಡಿಕೊಳ್ಳುವ ವಿದ್ಯಾರ್ಥಿಗಳಿಗೆ ನೆರವಾಗಲು ಪ್ರೌಢಶಾಲೆಯ ಸಿಬ್ಬಂದಿಗೆ ಎಂತಹ ತರಬೇತಿ ಬೇಕು?

ಉತ್ತರ: ತಾಳಲಾರದ ಮನೋವೇದನೆಯಿಂದ ಬಿಡುಗಡೆ ಹುಡುಕುತ್ತ, ಹಲವು ಬಾರಿ ಸಾಯುವ ಉದ್ದೇಶವಿಲ್ಲದೆಯೇ, ತನ್ನ ದೇಹಕ್ಕೆ ತಾನೇ ನೋವುಂಟುಮಾಡಿಕೊಳ್ಳುವುದು ಸ್ವಯಂಹಾನಿ. ಇದನ್ನು ಗಮನ ಸೆಳೆಯುವ ನಾಟಕವೆಂದು ಕಡೆಗಣಿಸದಿರುವುದೇ ತರಬೇತಿಯ ಮೊದಲ ಪಾಠವಾಗಬೇಕು. ಶಿಕ್ಷಕರಷ್ಟೇ ಅಲ್ಲದೆ ಬಿಸಿಯೂಟದ ಸಿಬ್ಬಂದಿಯೂ ಗದರದೆ, ಗಾಬರಿಗೊಳ್ಳದೆ ಮಗುವಿನ ಮಾತು ಆಲಿಸುವುದನ್ನು, ಸಾಯುವ ಯೋಚನೆಯಿದೆಯೇ ಎಂದು ನೇರವಾಗಿ ಕೇಳುವುದನ್ನು ಅಭ್ಯಾಸ ಮಾಡಬೇಕು. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಗುಟ್ಟು ಕಾಯುವ ಭರವಸೆ ಕೊಡದೆ, ಯಾರಿಗೆ, ಏಕೆ ತಿಳಿಸಬೇಕಾಗುತ್ತದೆಂದು ಮಗುವಿಗೇ ವಿವರಿಸಿ, ಆಪ್ತಸಮಾಲೋಚಕರ ನೆರವು ಪಡೆಯಬೇಕು. ಜೀವಾಪಾಯದ ಸುಳಿವಿದ್ದರೆ ಮಗುವನ್ನು ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ, ಕನ್ನಡದಲ್ಲೂ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಎಲ್ಲರಿಗೂ ಬಾಯಿಪಾಠವಾಗಿರಬೇಕು.