ಫೋನು ಬರೆದ ಜಾಹೀರಾತಿಗೂ ಡಿಗ್ರಿ ನೋಡಿ



ಸಂಘಕ್ಕೆ ಹಾಲು ಹಾಕಿ, ಮನೆಗೆಂದು ಉಳಿಸಿಕೊಂಡ ಹಾಲಿನಲ್ಲಿ ತುಪ್ಪ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುವವರು ನಿಮ್ಮಲ್ಲಿ ಅನೇಕರಿದ್ದೀರಿ. ತುಪ್ಪ ಕಾಯಿಸುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಅದರ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರೆ ಕೈ ನಿಂತುಬಿಡುತ್ತದೆ. ಈಗ ಆ ನಾಲ್ಕು ಸಾಲನ್ನು ಫೋನೇ ಬರೆದುಕೊಡುತ್ತದೆ. ಚಾಟ್‌ಜಿಪಿಟಿ, ಜೆಮಿನಿ, ವಾಟ್ಸ್‌ಆ್ಯಪ್ ಒಳಗೇ ಇರುವ ಮೆಟಾ ಎಐ, ಇವೆಲ್ಲ ಕೃತಕ ಬುದ್ಧಿಮತ್ತೆಯಿಂದ ಕೆಲಸ ಮಾಡುವಂಥವು. ಟೈಪ್ ಮಾಡಲು ಬಾರದಿದ್ದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿದರೆ ಸಾಕು.

ಈ ಪಾಠಕ್ಕೆಂದು ನಾನೇ ಕೂತು ಕೇಳಿದೆ: ‘ನಮ್ಮ ಮನೆ ತುಪ್ಪಕ್ಕೆ ಒಂದು ಜಾಹೀರಾತು ಬರೆದುಕೊಡು.’ ಕಣ್ಣು ಮಿಟುಕಿಸುವುದರೊಳಗೆ ಬಂತು:

‘ಪರಿಶುದ್ಧತೆಯ ಪರಮಾವಧಿ! ದೇಸಿ ಹಸುವಿನ ಎ2 ಬಿಲೋನಾ ತುಪ್ಪ. 10 ಲೀಟರ್ ಹಾಲಿನಿಂದ ಕೇವಲ 1 ಕೆಜಿ. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ ರಾಮಬಾಣ. ಶೇ. 100 ಸಾವಯವ. ಸಾವಿರಾರು ಕುಟುಂಬಗಳ ನಂಬಿಕೆ!’

ಓದಲು ಚೆಂದವೇ. ಆದರೆ ನಮ್ಮ ಹಸು ಯಾವುದು, ಏನು ಮೇಯುತ್ತದೆ ಎಂದು ಅದು ಒಂದು ಮಾತೂ ಕೇಳಲಿಲ್ಲ. ತುಪ್ಪದ ಬಗ್ಗೆ ಊರವರೆಲ್ಲ ಬರೆದದ್ದನ್ನು ಓದಿಕೊಂಡು, ಒಂದು ಪದದ ಹಿಂದೆ ಸಾಮಾನ್ಯವಾಗಿ ಯಾವ ಪದ ಬರುತ್ತದೋ ಅದನ್ನು ಜೋಡಿಸುತ್ತದೆ, ಅಷ್ಟೇ. ನಿಜವೋ ಸುಳ್ಳೋ ಅದಕ್ಕೆ ಗೊತ್ತಾಗುವುದಿಲ್ಲ. ಸಂಘದಲ್ಲಿ ಕ್ಯಾನಿಗೆ ಸುರಿಯುವ ಮೊದಲು ಡಿಗ್ರಿ, ಫ್ಯಾಟ್ ನೋಡುವುದಿಲ್ಲವೇ? ಇದಕ್ಕೂ ಹಾಗೇ ನೋಡೋಣ.

ಮೊದಲು ಆ 10 ಲೀಟರ್ ಲೆಕ್ಕ. ನಿಮ್ಮ ಹಸುವಿನ ಹಾಲು 3.5 ಫ್ಯಾಟ್ ಬರುತ್ತದೆ ಎಂದುಕೊಳ್ಳಿ. ಅಂದರೆ 100 ಕೆಜಿ ಹಾಲಿನಲ್ಲಿ ಕೊಬ್ಬು ಇರುವುದು ಮೂರೂವರೆ ಕೆಜಿ. ತುಪ್ಪ ಎಂದರೆ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ. ಹಾಗಾಗಿ 1 ಕೆಜಿ ತುಪ್ಪಕ್ಕೆ 30 ಲೀಟರಿನ ಆಸುಪಾಸು ಹಾಲು ಬೇಕು. ಮಜ್ಜಿಗೆಯಲ್ಲಿ ಸ್ವಲ್ಪ ಉಳಿದುಹೋಗುವುದರಿಂದ ತುಸು ಹೆಚ್ಚೇ ಹಿಡಿಯಿರಿ. 10 ಲೀಟರಿಗೆ 1 ಕೆಜಿ ತುಪ್ಪ ಬರಬೇಕಾದರೆ ಹಸು 10 ಫ್ಯಾಟ್ ಕೊಡಬೇಕು. ಅಂಥ ಹಸು ಯಾರ ಕೊಟ್ಟಿಗೆಯಲ್ಲಿದೆ?

ಇದೇ ಲೆಕ್ಕದಿಂದ ಬೆಲೆಯೂ ಗೊತ್ತಾಗುತ್ತದೆ. ಬೆಲೆ ಎಷ್ಟಿಡಲಿ ಎಂದು ಕೇಳಿದ್ದಕ್ಕೆ ಫೋನು ಕೆಜಿಗೆ 700 ರೂಪಾಯಿ ಎಂದಿತು. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ, ಆ 30 ಲೀಟರ್ ಸಂಘಕ್ಕೆ ಹಾಕಿದ್ದರೆ ಬಟವಾಡೆಯಲ್ಲಿ 1,050 ರೂಪಾಯಿ ಬರುತ್ತಿತ್ತು. ಸೌದೆ, ಬಾಟಲಿ, ನಿಮ್ಮ ರಟ್ಟೆ ನೋವು ಬೇರೆ. ಮಜ್ಜಿಗೆ ಮನೆಗೆ ಉಳಿಯುತ್ತದೆ ನಿಜ, ಆದರೂ 700ಕ್ಕೆ ಕೊಟ್ಟರೆ ನಷ್ಟವೇ. ನಿಮ್ಮ ಹಾಲಿನ ಫ್ಯಾಟ್, ನಿಮ್ಮ ದರ ಹಾಕಿ ನೀವೇ ಕೂಡಿ ನೋಡಿ. ಬೆಲೆ ಮಾತ್ರ ಫೋನಿಗೆ ಬಿಡಬೇಡಿ.

ಇನ್ನು ಎ2. ಎ1, ಎ2 ಎಂಬುದು ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ವ್ಯತ್ಯಾಸ. ಕಾಯಿಸಿ ಸೋಸಿದ ತುಪ್ಪದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪದಗಳನ್ನು ತೆಗೆಯಲು ಸೂಚಿಸಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂಪಡೆಯಿತು. ಅದೇನೇ ಇರಲಿ, ಕೊಟ್ಟಿಗೆಯಲ್ಲಿ ಎಚ್‌ಎಫ್ ಹಸು ಕಟ್ಟಿಕೊಂಡು ‘ದೇಸಿ ಹಸು’ ಎಂದು ಬರೆದರೆ ಸುಳ್ಳು ಸುಳ್ಳೇ.

ಎಲ್ಲಕ್ಕಿಂತ ಅಪಾಯ ಆ ‘ರಾಮಬಾಣ’. ಸಕ್ಕರೆ ಕಾಯಿಲೆಯವರು ಯಾರೋ ನಂಬಿ ಮಾತ್ರೆ ಬಿಟ್ಟರೆ? ಆಹಾರ ಪದಾರ್ಥ ಕಾಯಿಲೆ ವಾಸಿಮಾಡುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಕಲಮಿನ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡವಿದೆ. ‘ಫೋನು ಬರೆದದ್ದು, ನನಗೆ ಗೊತ್ತಿರಲಿಲ್ಲ’ ಎಂದರೆ ನಡೆಯುವುದಿಲ್ಲ. ಕಳಿಸಿದ ನಂಬರು ನಿಮ್ಮದು. ಆಹಾರ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿರಬೇಕು, ಬಾಟಲಿಯ ಚೀಟಿಯ ಮೇಲೆ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಇಲ್ಲದ ಸಂಖ್ಯೆಯನ್ನು ಫೋನು ತಾನೇ ಹುಟ್ಟಿಸಿ ಬರೆದರೆ ಅಳಿಸಿ. ‘ನಂದಿನಿ’ ಹೆಸರನ್ನೂ ಸೇರಿಸಬೇಡಿ, ಅದು ಮಹಾಮಂಡಳದ ಬ್ರ್ಯಾಂಡು.

ಅಂದಮೇಲೆ ಇದರ ಸಹವಾಸವೇ ಬೇಡವೇ? ಹಾಗಲ್ಲ. ಕೇಳುವ ರೀತಿ ಬದಲಾಯಿಸಬೇಕು. ಮನೆಗೆ ಹೊಸದಾಗಿ ಬಂದ ಕೆಲಸದವರಿಗೆ ಹಿಂಡಿ ಎಷ್ಟು, ಬೂಸಾ ಎಷ್ಟು ಎಂದು ಬಿಡಿಸಿ ಹೇಳುವಂತೆ ಹೇಳಿ. ನಾನು ಎರಡನೇ ಸಲ ಮೈಕ್ ಒತ್ತಿ ಹೀಗೆಂದೆ:

‘ನಮ್ಮಲ್ಲಿ ಎರಡು ಎಚ್‌ಎಫ್ ಹಸು ಇವೆ. ಹಾಲು ಕಾಯಿಸಿ, ಹೆಪ್ಪು ಹಾಕಿ, ಮೊಸರು ಕಡೆದು ಬೆಣ್ಣೆ ತೆಗೆದು ಸೌದೆ ಒಲೆಯಲ್ಲಿ ತುಪ್ಪ ಕಾಯಿಸುತ್ತೇನೆ. ಕೊನೆಗೆ ವೀಳ್ಯದೆಲೆ ಹಾಕುತ್ತೇನೆ. ತಿಂಗಳಿಗೆ ಅರ್ಧ ಕೆಜಿಯ ನಾಲ್ಕು ಬಾಟಲಿ ಮಾತ್ರ. ಬಾಟಲಿಗೆ 700 ರೂಪಾಯಿ. ಪೇಟೆಯ ಮನೆಗಳವರಿಗೆ ಕಳಿಸಲು ಐದಾರು ಸಾಲು ಬರೆ. ಮನೆಮಾತಿನಲ್ಲಿರಲಿ. ನಾನು ಹೇಳದ ಯಾವ ಗುಣವನ್ನೂ, ಕಾಯಿಲೆಯ ಮಾತನ್ನೂ ಸೇರಿಸಬೇಡ.’

ಬಂದದ್ದನ್ನು ಎರಡು ಕಡೆ ತಿದ್ದಿದೆ. ‘ನವನೀತ’ ಇದ್ದಲ್ಲಿ ಬೆಣ್ಣೆ ಎಂದು ಹಾಕಿದೆ, ‘ಪರಂಪರೆಯ ಪಯಣ’ವನ್ನು ಕಿತ್ತುಹಾಕಿದೆ. ಉಳಿದದ್ದು ಇಷ್ಟು:

‘ನಮ್ಮ ಮನೆಯ ಎರಡು ಎಚ್‌ಎಫ್ ಹಸುಗಳ ಹಾಲಿಗೆ ಹೆಪ್ಪು ಹಾಕಿ, ಕಡೆದು ತೆಗೆದ ಬೆಣ್ಣೆಯ ತುಪ್ಪ. ಸೌದೆ ಒಲೆಯಲ್ಲಿ ಕಾಯಿಸಿ ವೀಳ್ಯದೆಲೆ ಹಾಕಿದ್ದೇವೆ. ಒಂದು ಕೆಜಿಗೆ ಸುಮಾರು 30 ಲೀಟರ್ ಹಾಲು ಹಿಡಿಯುತ್ತದೆ, ಅದಕ್ಕೇ ತಿಂಗಳಿಗೆ ನಾಲ್ಕೇ ಬಾಟಲಿ. ಅರ್ಧ ಕೆಜಿಗೆ 700 ರೂಪಾಯಿ. ಬೇಕಾದವರು ಮೊದಲೇ ತಿಳಿಸಿ.’

ಆ 30 ಲೀಟರಿನ ಮಾತು ನಾನು ಸೇರಿಸಿದ್ದು. ಬೆಲೆ ಯಾಕೆ ಇಷ್ಟು ಎಂದು ಕೇಳುವವರಿಗೆ ಅದೇ ಉತ್ತರ.

ಹಸು ಮಾರುವಾಗಲೂ ಇದೇ ಕ್ರಮ. ಎಷ್ಟನೇ ಸೂಲು, ಕರು ಹಾಕಿ ಎಷ್ಟು ತಿಂಗಳು, ಎರಡು ಹೊತ್ತಿಗೆ ಎಷ್ಟು ಲೀಟರ್, ಗಬ್ಬವೋ ಅಲ್ಲವೋ ಎಂದು ನೀವೇ ಹೇಳಿ ಬರೆಸಿ. ಹೇಳದಿದ್ದರೆ ಅದು ‘ದಿನಕ್ಕೆ 25 ಲೀಟರ್’ ಎಂದುಬಿಡುತ್ತದೆ, ಕೊಂಡವರು ಮರುವಾರ ನಿಮ್ಮ ಬಾಗಿಲಿಗೆ ಬರುತ್ತಾರೆ.

ಆಧಾರ್ ಸಂಖ್ಯೆ, ಪಾಸ್‌ಬುಕ್ಕಿನ ಫೋಟೊ, ಒಟಿಪಿ ಇವನ್ನು ಫೋನಿನ ಈ ಸಹಾಯಕನಿಗೆ ಕೊಡುವ ಅಗತ್ಯವೇ ಇಲ್ಲ. ಚಿತ್ರವನ್ನೂ ಅದರಿಂದ ಬರೆಸಬೇಡಿ. ಹಿತ್ತಾಳೆ ಪಾತ್ರೆ, ಗಿರ್ ಹಸು, ಹಿಂದೆ ಹಿಮದ ಬೆಟ್ಟ ಇಟ್ಟುಕೊಡುತ್ತದೆ. ಬೆಳಗಿನ ಬಿಸಿಲಿನಲ್ಲಿ ನಿಮ್ಮ ಬಾಟಲಿಯನ್ನು ಜಗಲಿಯ ಮೇಲಿಟ್ಟು ಒಂದು ಫೋಟೊ ತೆಗೆಯಿರಿ. ಕಳಿಸುವ ಮೊದಲು ನಿಮ್ಮ ತುಪ್ಪ ತಿಂದು ಬಲ್ಲ ಪಕ್ಕದ ಮನೆಯವರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಅವರು ನಕ್ಕ ಸಾಲನ್ನು ತೆಗೆದುಹಾಕಿ.