ಸಾಯುವಾಗ ಹೇಳಿದ ಮಾತು

ನಮ್ಮ ಕಡಬ ಈಗ ಒಂದು ತಾಲೂಕು. ಬ್ರಿಟಿಷರ ಕಾಲದಲ್ಲಿ ಅದು ಉಪ್ಪಿನಂಗಡಿ ತಾಲೂಕಿಗೆ ಸೇರಿತ್ತು. ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಆಗ ಓದು ಬರಹ ಬಲ್ಲವರು ಕಡಿಮೆ. ಆಸ್ತಿಯ ಮಾತು ಕೂಡ ಬಾಯಿಮಾತೇ.

ಬಂಟರು, ಬಿಲ್ಲವರು ಮುಂತಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಅಂದರೇನು? ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ.

ಒಂದು ಮನೆಯನ್ನು ಊಹಿಸೋಣ. 1890ರ ಸುಮಾರು. ಯಜಮಾನರು ಸ್ವಂತ ದುಡಿಮೆಯಿಂದ ಒಂದು ಅಡಿಕೆ ತೋಟ ಮಾಡಿದ್ದಾರೆ. ಈಗ ಹಾಸಿಗೆ ಹಿಡಿದಿದ್ದಾರೆ.

“ಈ ತೋಟ ನನ್ನ ಮಕ್ಕಳಿಗೆ” ಅಂದರು. ಕಣ್ಣು ಮುಚ್ಚಿದರು.

“ಮಾವ ಹಾಗೆ ಹೇಳಲೇ ಇಲ್ಲ” ಅಂದ ಅಳಿಯ.

“ನಾನು ಕಿವಿಯಾರೆ ಕೇಳಿದ್ದೇನೆ” ಅಂದಳು ಹೆಂಡತಿ.

ಜಗಳ ಕೋರ್ಟಿಗೆ ಹೋಯಿತು. ಬಾಯಿಮಾತಿನ ಉಯಿಲು ಆಗ ಹಿಂದೂಗಳಲ್ಲಿ ನಡೆಯುತ್ತಿತ್ತು. ಆದರೆ ಕೋರ್ಟು ಸುಮ್ಮನೆ ನಂಬುತ್ತಿರಲಿಲ್ಲ. ಹೇಳಿದ ಮಾತು ಸರಿಯಾಗಿ ಯಾವುದು? ಆಗ ಅವರಿಗೆ ಪ್ರಜ್ಞೆ ಇತ್ತೇ? ಕೇಳಿದವರು ಯಾರು? ಕೇಳಿದವರಿಗೇ ಆಸ್ತಿ ಬರುವುದಾದರೆ ಅವರ ಸಾಕ್ಷಿಗೆ ಬೆಲೆ ಎಷ್ಟು? ಸಾಬೀತು ಆಗದಿದ್ದರೆ ತೋಟ ಕುಟುಂಬಕ್ಕೆ. ಬೆವರು ಸುರಿಸಿದವನ ಹೆಂಡತಿ ಮಕ್ಕಳು ಬರಿಗೈ. ಮದರಾಸಿನ ಹೈಕೋರ್ಟಿಗೆ ಅಪೀಲು ಹೋದರೆ ಖರ್ಚಿಗೆ ತೋಟವೇ ಮಾರಬೇಕಾದೀತು!

ಮುಂದೆ ಕಾನೂನು ಬದಲಾಯಿತು. 1898ರಲ್ಲಿ ಮದರಾಸಿನಲ್ಲಿ ಮಲಬಾರ್ ಉಯಿಲು ಕಾಯಿದೆ ಬಂತು. ಅಳಿಯಸಂತಾನದವರೂ ಅದಕ್ಕೆ ಒಳಪಟ್ಟರು. ಮುಂದೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂತು. 1927ರ ಜನವರಿ 1ರಿಂದ ಹಿಂದೂಗಳು ಮಾಡುವ ಉಯಿಲು ಬರಹದಲ್ಲೇ ಇರಬೇಕು ಅಂತಾಯಿತು. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಆ ಪಾಲನ್ನೂ ಉಯಿಲು ಮಾಡಬಹುದಾಯಿತು.

ಮುಸಲ್ಮಾನರಲ್ಲಿ ಬಾಯಿಮಾತಿನ ಉಯಿಲು ಇಂದಿಗೂ ನಡೆಯುತ್ತದೆ. ಆದರೆ ಅದಕ್ಕೂ ಸಾಕ್ಷಿ ಬೇಕು.

ಉಯಿಲಿಗೆ ನಮ್ಮ ಕಡೆ ವೀಲುನಾಮೆ ಅಂತಲೂ ಹೇಳುತ್ತೇವೆ. ಅದನ್ನು ಮಾಡುವುದು ಕಷ್ಟವಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ಸಾಕು. ಬರೆಸಿದವರು ಸಹಿ ಹಾಕಬೇಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಬಹುದು. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗದಿರುವುದು ಒಳ್ಳೆಯದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಭದ್ರ. ಮನಸ್ಸು ಬದಲಾದರೆ ಉಯಿಲನ್ನೂ ಬದಲಾಯಿಸಬಹುದು.

“ಈಗಲೇ ಸಾವಿನ ಮಾತು ಯಾಕೆ?” ಅಂತ ಹಿರಿಯರು ಗದರಿಸಬಹುದು. ಉಯಿಲು ಬರೆದರೆ ಆಯುಷ್ಯ ಕಡಿಮೆ ಆಗುವುದಿಲ್ಲ. ಗಟ್ಟಿಮುಟ್ಟಾಗಿರುವಾಗಲೇ ಬರೆಸೋಣ. ಬೇರೆಯವರು ಬರೆದುಕೊಟ್ಟರೆ ಮೊದಲು ನಾವೇ ಓದೋಣ. ಆಮೇಲೆ ಸಹಿ ಹಾಕೋಣ. ಈಗ ನಮಗೆ ಓದಲು ಬರುತ್ತದಲ್ಲ!